ಪಿಸಿಬಿ ಟ್ರೇಸ್‌ನ ಎಲ್, ಸಿ, ಇಂಪೀಡೆನ್ಸ್: ಫೀಲ್ಡ್ ಸಾಲ್ವರ್‌ನಲ್ಲಿ ನೀವೇ ಲೆಕ್ಕ ಹಾಕಿ

ಹುಬ್ಬಳ್ಳಿ-ಧಾರವಾಡದಲ್ಲಿ ಫೈನಲ್ ಇಯರ್‌ಗೆ ಆಂಟೆನಾ ಪ್ರಾಜೆಕ್ಟ್ ತಗೊಂಡವರೆಲ್ಲ ಕೇಳುವುದು ಇದನ್ನೇ: 50 ಓಮ್ ಇಂಪೀಡೆನ್ಸ್ (ಸಿಗ್ನಲ್‌ಗೆ ಸಿಗುವ ತಡೆ) ಬರಬೇಕಾದರೆ ಬೋರ್ಡ್ ಮೇಲಿನ ಟ್ರೇಸ್ (ತಾಮ್ರದ ಗೆರೆ) ಎಷ್ಟು ಅಗಲ ಇರಬೇಕು? ಸಾದಾ ಮೈಕ್ರೋಸ್ಟ್ರಿಪ್‌ಗೆ (ಬೋರ್ಡ್ ಮೇಲೆ ಟ್ರೇಸ್, ಕೆಳಗೆಲ್ಲ ಗ್ರೌಂಡ್ ತಾಮ್ರ) ಸೂತ್ರ ಸಾಕು. ಪಕ್ಕದಲ್ಲಿ ಗ್ರೌಂಡ್ ಬಂತು, ಮೇಲೆ ಪ್ಲಾಸ್ಟಿಕ್ ಡಬ್ಬಿ ಕೂತಿತು ಅಂದ್ರೆ ಆ ಸೂತ್ರ ನಡೆಯುವುದಿಲ್ಲ. ಆಗ ಎಫ್‌ಇಎಂಎಂ (FEMM) ಅನ್ನುವ ಫೀಲ್ಡ್ ಸಾಲ್ವರ್, ಅಂದ್ರೆ ವಿದ್ಯುತ್ ಕ್ಷೇತ್ರದ ಲೆಕ್ಕ ಹಾಕುವ ಸಾಫ್ಟ್‌ವೇರ್, ಹಾಕಿಕೊಳ್ಳಿ. ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಶುರುವಿಗೇ ನಿಮ್ಮ ಬೋರ್ಡ್ ಬಿಡಿಸಬೇಡಿ. ಉತ್ತರ ಗೊತ್ತಿರುವ ಕೋಆಕ್ಸ್ ಕೇಬಲ್ (ಕೊಳವೆಯ ನಡುವೆ ತಂತಿ) ಬಿಡಿಸಿ: ಒಳಗಿನ ತ್ರಿಜ್ಯ 1 ಮಿ.ಮೀ., ಹೊರಗಿನದು 2.3 ಮಿ.ಮೀ., ನಡುವೆ ಗಾಳಿ. ಮೀಟರ್‌ಗೆ ಸುಮಾರು 66.8 ಪಿಕೋಫ್ಯಾರಡ್ ಸಿ (ಕೆಪಾಸಿಟೆನ್ಸ್) ಬರಲೇಬೇಕು. ಸಾವಿರ ಪಟ್ಟು ಕಡಿಮೆ ಬಂದರೆ ಡೆಪ್ತ್ (ಲೆಕ್ಕಕ್ಕೆ ಹಿಡಿಯುವ ಉದ್ದ) ನೋಡಿ, ಅದು 1 ಮಿ.ಮೀ. ಅಂತಲೇ ಉಳಿದಿರುತ್ತದೆ, 1000 ಮಾಡಿ.

ಈಗ ಮೈಕ್ರೋಸ್ಟ್ರಿಪ್. 1.6 ಮಿ.ಮೀ. ಎಫ್‌ಆರ್4 (ಬೋರ್ಡ್‌ನ ಗ್ಲಾಸ್-ಎಪಾಕ್ಸಿ ವಸ್ತು), ಅದರ ಎಪ್ಸಿಲಾನ್ (ಡೈಎಲೆಕ್ಟ್ರಿಕ್ ಸ್ಥಿರಾಂಕ) 4.4, ಟ್ರೇಸ್ 3 ಮಿ.ಮೀ. ಅಂದುಕೊಳ್ಳಿ. ಎಲೆಕ್ಟ್ರೋಸ್ಟಾಟಿಕ್ಸ್ ಆರಿಸಿ, ಟ್ರೇಸ್‌ಗೆ 1 ವೋಲ್ಟ್, ಗ್ರೌಂಡ್‌ಗೆ ಸೊನ್ನೆ ಕೊಡಿ. ಓಡಿಸಿದ ಮೇಲೆ ಟ್ರೇಸ್ ಮೇಲಿನ ಚಾರ್ಜ್ ಓದಿ. 1 ವೋಲ್ಟ್ ಕೊಟ್ಟಿದ್ದರಿಂದ ಅದೇ ನಿಮ್ಮ ಸಿ, ಮೀಟರ್‌ಗೆ ಸುಮಾರು 120 ಪಿಕೋಫ್ಯಾರಡ್. ಆಮೇಲೆ ಎಫ್‌ಆರ್4 ಜಾಗಕ್ಕೆ ಗಾಳಿ ತುಂಬಿ ಇನ್ನೊಮ್ಮೆ ಓಡಿಸಿ, 36ರ ಹತ್ತಿರ ಬರುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇಲ್ಲಿಂದ ಮುಂದಿನದು. ಎಫ್‌ಆರ್4 ಅಯಸ್ಕಾಂತೀಯ ವಸ್ತು ಅಲ್ಲ, ಹಾಗಾಗಿ ಅದು ಇದ್ದರೂ ಇಲ್ಲದಿದ್ದರೂ ಎಲ್ (ಇಂಡಕ್ಟೆನ್ಸ್) ಬದಲಾಗುವುದಿಲ್ಲ, ಅಲ್ವಾ? ಗಾಳಿಯಲ್ಲಿ ಅಲೆ ಬೆಳಕಿನ ವೇಗದಲ್ಲೇ ಹೋಗುತ್ತದೆ. ಅಂದ್ರೆ ಬೆಳಕಿನ ವೇಗದ ವರ್ಗವನ್ನು ಗಾಳಿಯ ಸಿಯಿಂದ ಗುಣಿಸಿ, 1ನ್ನು ಅದರಿಂದ ಭಾಗಿಸಿದರೆ ಎಲ್ ಸಿಕ್ಕಿತು: ಮೀಟರ್‌ಗೆ ಸುಮಾರು 309 ನ್ಯಾನೋಹೆನ್ರಿ. ಮ್ಯಾಗ್ನೆಟಿಕ್ ಲೆಕ್ಕ ಬೇಕಾಗಲೇ ಇಲ್ಲ! ಎಲ್ ಅನ್ನು ಎಫ್‌ಆರ್4 ಇದ್ದಾಗಿನ ಸಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಇಂಪೀಡೆನ್ಸ್ 51 ಓಮ್ ಆಸುಪಾಸು.

ಅಂಕಿ ಬಂತು ಅಂತ ಸುಮ್ನೆ ನಂಬಬೇಡಿ. ಟ್ರೇಸ್‌ನ ಅಂಚಿನಲ್ಲಿ ಫೀಲ್ಡ್ ಜಾಸ್ತಿ, ಅಲ್ಲಿ ಮೆಶ್ (ಲೆಕ್ಕಕ್ಕಾಗಿ ಚಿತ್ರವನ್ನು ಒಡೆಯುವ ತ್ರಿಕೋನಗಳ ಜಾಲ) ಸಣ್ಣದಾಗಿರಬೇಕು. ಮೆಶ್ ಅರ್ಧಕ್ಕೆ ಇಳಿಸಿ ನೋಡಿ, ಸಿ 1 ಪ್ರತಿಶತಕ್ಕಿಂತ ಹೆಚ್ಚು ಅಲುಗಾಡಿದರೆ ಇನ್ನೂ ಇಳಿಸಿ. ಚಿತ್ರದ ಸುತ್ತ ಬಿಡಿಸುವ ಗಾಳಿಯ ಡಬ್ಬಿಯ ಗೋಡೆ ಬೋರ್ಡ್ ದಪ್ಪದ ಹತ್ತು ಪಟ್ಟಾದರೂ ದೂರ ಇರಲಿ.

ಆರ್ (ರೆಸಿಸ್ಟೆನ್ಸ್) ಬೇಕಿದ್ದರೆ ಸ್ಕಿನ್ ಎಫೆಕ್ಟ್, ಅಂದ್ರೆ ಕರೆಂಟ್ ಮೇಲ್ಮೈಗೆ ಸರಿಯುವುದನ್ನು, ಬಿಡುವ ಹಾಗಿಲ್ಲ. 1 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಸುಮಾರು 2 ಮೈಕ್ರಾನ್ ಪದರದಲ್ಲೇ ಹರಿಯುತ್ತದೆ, ನಿಮ್ಮ ತಾಮ್ರ 35 ಮೈಕ್ರಾನ್ ಇದ್ದರೂ ಅಷ್ಟೇ.

ಇನ್ನು ಅಳತೆ. ಅಂಗಡಿಯಿಂದ ತಂದ ಬೋರ್ಡ್ 1.6 ಅಂದರೂ ವರ್ನಿಯರ್ ಹಿಡಿದು ನೋಡಿ. ಎಚ್ಚಿಂಗ್ ಮಾಡುವಾಗ, ಅಂದ್ರೆ ಬೇಡದ ತಾಮ್ರ ಕರಗಿಸುವಾಗ, ಫೆರಿಕ್ ಕ್ಲೋರೈಡ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಅಂಚು ಕರಗಿ ಟ್ರೇಸ್ ಸಣ್ಣದಾಗುತ್ತದೆ, ಓಮ್ ಏರುತ್ತದೆ. ಹಾಗಾಗಿ ಎಚ್ಚಿಂಗ್ ಆದ ಮೇಲಿನ ಅಗಲ ಹಾಕಿ ಮತ್ತೊಮ್ಮೆ ಓಡಿಸಿ, ಆಮೇಲೆ ಕನೆಕ್ಟರ್ ಬೆಸುಗೆ ಹಾಕಿ.