ರಮ್ಮಿ ನೋಸ್ ಟೆಟ್ರಾಗಳನ್ನು ನಾನು ಒಂದೇ ಸಲ ಟ್ಯಾಂಕಿಗೆ ಬಿಟ್ಟ ರೀತಿ

ಹೊಸ ಮೀನುಗಳನ್ನು ಎರಡೆರಡಾಗಿ ತಂದು ಬಿಡಿ, ಫಿಲ್ಟರ್‌ಗೆ ಹೊರೆ ಆಗುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ಗುಂಪಾಗಿ ಬದುಕುವ ಚಿಕ್ಕ ಮೀನುಗಳ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಎರಡು ಟೆಟ್ರಾ ಇದ್ದರೆ ಅದು ಗುಂಪಲ್ಲ. ಅವು ಗಿಡದ ಹಿಂದೆ ಅವಿತುಕೊಂಡು, ಬಣ್ಣ ಕಳೆದುಕೊಂಡು, ತಿನ್ನೋಕೂ ಹೊರಗೆ ಬರುವುದಿಲ್ಲ. ಅದಕ್ಕೇ ನಾನು 12 ರಮ್ಮಿ ನೋಸ್‌ಗಳನ್ನು ಒಟ್ಟಿಗೇ ತಂದೆ. ಆರಕ್ಕಿಂತ ಕಡಿಮೆ ಅಂತೂ ಬೇಡವೇ ಬೇಡ, ಹತ್ತು ದಾಟಿದರೆ ಅವುಗಳ ನಡತೆಯೇ ಬೇರೆ.

ಆದರೆ ಒಟ್ಟಿಗೇ ಬಿಡಬೇಕಾದರೆ ಫಿಲ್ಟರ್‌ನಲ್ಲಿ ಹೊಲಸು ಕರಗಿಸುವ ಬ್ಯಾಕ್ಟೀರಿಯಾ ಮೊದಲೇ ಚೆನ್ನಾಗಿ ಬೆಳೆದಿರಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ನೈಟ್ರೇಟ್‌ನಿಂದ ಅಷ್ಟು ಅಪಾಯ ಇಲ್ಲ, ನೀರು ಬದಲಿಸಿದರೆ ಇಳಿಯುತ್ತದೆ. ನಾನು ಮೀನಿಲ್ಲದ ಟ್ಯಾಂಕಿಗೆ ಅಮೋನಿಯಾ ಹಾಕುತ್ತಾ, ಹಾಕಿದ್ದೆಲ್ಲ 24 ಗಂಟೆಯೊಳಗೆ ಸೊನ್ನೆಗೆ ಇಳಿದು ನೈಟ್ರೈಟ್ ಕೂಡ ಸೊನ್ನೆ ತೋರಿಸುವವರೆಗೆ ಕಾದೆ. ಇದಕ್ಕೆ ವಾರಗಳೇ ಹಿಡಿಯುತ್ತವೆ. ನೀರು ತಿಳಿಯಾಗಿ ಕಂಡರೆ ಸಾಲದು, ಟೆಸ್ಟ್ ಕಿಟ್ ನಂಬಿ.

ಮೀನು ಆರಿಸುವಾಗ ನಾನು ನೋಡುವುದು ಮೂತಿ. ರಮ್ಮಿ ನೋಸ್ ನೆಮ್ಮದಿಯಾಗಿದ್ದರೆ ತಲೆ ಕಡುಕೆಂಪಾಗಿರುತ್ತದೆ, ಹೆದರಿದರೆ ಅಥವಾ ನೀರು ಹಿಡಿಸದಿದ್ದರೆ ಬಿಳುಚಿಕೊಳ್ಳುತ್ತದೆ. ಅಂಗಡಿಯ ಟ್ಯಾಂಕಿನಲ್ಲಿ ಒಂದೇ ಒಂದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೂ ಆ ಟ್ಯಾಂಕಿನಿಂದ ಏನೂ ತರುವುದಿಲ್ಲ. ಮುಖ್ಯ ಟ್ಯಾಂಕಿನಲ್ಲಿ ಬೇರೆ ಮೀನು ಇರುವವರು ಹೊಸಬರನ್ನು ಮೂರು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಡಿ. ಅದಕ್ಕೆ ದೊಡ್ಡ ಸಾಮಾನೇನೂ ಬೇಡ. ಮುಖ್ಯ ಟ್ಯಾಂಕಿನಲ್ಲಿ ಓಡಿಸಿಟ್ಟಿದ್ದ ಸ್ಪಂಜ್ ಫಿಲ್ಟರ್, ಒಂದು ಹೀಟರ್, ಅವಿತುಕೊಳ್ಳೋಕೆ ಒಂದಿಷ್ಟು ಗಿಡ ಸಾಕು.

ಇನ್ನು ಬಿಡುವ ಹೊತ್ತು. ಮೊದಲು ದೀಪ ಆರಿಸಿದೆ. ಮೀನು ತಂದ ಪ್ಲಾಸ್ಟಿಕ್ ಕವರನ್ನು ಬಿಚ್ಚದೆ ಸುಮಾರು 20 ನಿಮಿಷ ನೀರಿನ ಮೇಲೆ ತೇಲಿಬಿಟ್ಟೆ, ಬಿಸಿ ಸಮ ಆಗಲಿ ಅಂತ. ರಮ್ಮಿ ನೋಸ್‌ಗೆ 24ರಿಂದ 27 ಡಿಗ್ರಿ ಚೆನ್ನಾಗಿ ಒಗ್ಗುತ್ತದೆ. ಆಮೇಲೆ ಕವರ್ ಬಿಚ್ಚಿ, ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಸೇರಿಸುತ್ತಾ ಅರ್ಧ ಗಂಟೆ ಬಿಟ್ಟೆ, ಕೊನೆಗೆ ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಹಾಕಿ ಕವರಿನ ನೀರನ್ನು ಚೆಲ್ಲಿದೆ. ಮೀನು ಹತ್ತಿರದಿಂದ ಬಂದಿದ್ದರೆ ಮಾತ್ರ ಹೀಗೆ ಮಾಡಿ. ಗಂಟೆಗಟ್ಟಲೆ ಕವರಿನಲ್ಲೇ ಪ್ರಯಾಣ ಮಾಡಿದ ಮೀನಿಗೆ ಈ ನಿಧಾನವೇ ಅಪಾಯ. ಮುಚ್ಚಿದ ಕವರಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿದಿರುತ್ತದೆ, ಹಾಗಾಗಿ ಅಮೋನಿಯಾದ ವಿಷ ಅಡಗಿರುತ್ತದೆ. ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ, ವಿಷವೂ ಎದ್ದೇಳುತ್ತದೆ. ಅಂಥ ಮೀನನ್ನು ಬಿಸಿ ಸಮ ಆದ ಮೇಲೆ ಬೇಗ ಹೊಸ ನೀರಿಗೆ ಹಾಕುವುದೇ ಸರಿ.

ಆ ದಿನ ತಿನ್ನಲು ಏನೂ ಕೊಡಲಿಲ್ಲ. ಮರುದಿನ ಪುಡಿ ಮಾಡಿದ ಫ್ಲೇಕ್ಸ್, ಚಿಟಿಕೆಯಷ್ಟೇ. ಬಾಯಿ ಚಿಕ್ಕದು ಅಲ್ವಾ, ದೊಡ್ಡ ಚೂರು ಸುಮ್ನೆ ತಳಕ್ಕೆ ಹೋಗಿ ಕೊಳೆಯುತ್ತದೆ. ಬಂದಾಗ ಪೇಲವವಾಗಿದ್ದ ಮೂತಿಗಳು ನೀರಿಗೆ ಹೊಂದಿಕೊಂಡ ಹಾಗೆ ಒಂದೊಂದಾಗಿ ಕೆಂಪಾದವು. ಹನ್ನೆರಡೂ ಒಂದೇ ಕಡೆಗೆ ತಿರುಗಿ, ಕಪ್ಪು ಬಿಳಿ ಪಟ್ಟೆಯ ಬಾಲಗಳು ಸಾಲಾಗಿ ಹೋಗುವುದನ್ನು ನೋಡುತ್ತಾ ಕೂತರೆ ಎದ್ದು ಹೋಗೋಕೆ ಮನಸ್ಸೇ ಬರುವುದಿಲ್ಲ.

ಮೊದಲ ವಾರ ದಿನಾ ಅಮೋನಿಯಾ, ನೈಟ್ರೈಟ್ ನೋಡಿ. ಸ್ವಲ್ಪ ಕಂಡರೂ ಕ್ಲೋರಿನ್ ತೆಗೆದ, ಅಷ್ಟೇ ಬಿಸಿ ಇರುವ ನೀರಿನಿಂದ ಕಾಲು ಭಾಗ ಬದಲಿಸಿ, ಆಹಾರ ಕಡಿಮೆ ಮಾಡಿ. ಇನ್ನೊಂದು ಜಾತಿ ತರುವ ಆಸೆ ಇದ್ದರೆ ಇವು ಪೂರ್ತಿ ಹೊಂದಿಕೊಳ್ಳಲಿ. ದೊಡ್ಡ ಏಂಜೆಲ್ ಫಿಶ್ ಮಾತ್ರ ಬೇಡ, ಇಷ್ಟು ಚಿಕ್ಕ ಮೀನು ಅದಕ್ಕೆ ಆಹಾರ ಆಗಿಬಿಡಬಹುದು.