ಮತ್ತಿ ಮರದ ಸುತ್ತ ಮೂರು ಗುಂಡಿ

ಶಿರಸಿ ಕಡೆಯ ಕಾಡಿನ ಮಣ್ಣಿನಲ್ಲಿ ಇಂಗಾಲ ಎಷ್ಟಿದೆ ಅಂತ ಅಳೆಯುವ ಕೆಲಸ ಶುರು ಮಾಡಿದಾಗ ನಾನು ಹಿಡಿದದ್ದು ತೋಟದ ಮಣ್ಣು ಪರೀಕ್ಷೆಯ ದಾರಿ. ಅಂಕುಡೊಂಕಾಗಿ ನಡೆಯುತ್ತಾ 15 ಕಡೆ ಗುಂಡಿ ತೋಡಿದೆ. ಮಣ್ಣೆಲ್ಲ ಒಂದೇ ಬುಟ್ಟಿಗೆ ಸುರಿದು ಕಲಸಿ, ಅರ್ಧ ಕಿಲೋ ಉಳಿಸಿಕೊಂಡೆ. ಅಡಿಕೆ ತೋಟಕ್ಕೆ ಗೊಬ್ಬರ ಎಷ್ಟು ಬೇಕು ಅಂತ ತಿಳಿಯಲು ಇದು ಸಾಕು. ಕಾಡಿಗೆ ಸಾಲದು. ಮರುವರ್ಷ ಅದೇ ಜಾಗದಲ್ಲಿ ಇಂಗಾಲದ ಅಂಕಿ ಬೇರೆ ಬಂತು. ಬದಲಾದದ್ದು ಮಣ್ಣೋ, ನಾನು ತೋಡಿದ ಜಾಗವೋ? ಹೇಳಲು ದಾರಿಯೇ ಇರಲಿಲ್ಲ. ಎರಡು ವರ್ಷದ ಶ್ರಮ ಹೋಯಿತು, ತುಂಬಾ ಬೇಜಾರಾಯಿತು.

ಆಮೇಲೆ ಒಂದು ಮತ್ತಿ ಮರದ ಹತ್ತಿರ ಕೂತು ಹೊಸದಾಗಿ ಶುರು ಮಾಡಿದೆ. ಬುಡದಿಂದ ಒಂದು ಮೀಟರ್ ದೂರದಲ್ಲಿ ದರಕು (ಉದುರಿದ ಒಣ ಎಲೆ) ಸರಿಸಿದರೆ ಕಪ್ಪು ಮಣ್ಣು, ಕೈಯಲ್ಲಿ ಪುಡಿಪುಡಿಯಾಗುತ್ತದೆ, ಅದರ ತುಂಬಾ ಸಣ್ಣ ಸಣ್ಣ ಬೇರು. ಐದು ಹೆಜ್ಜೆ ಆಚೆ ಗುದ್ದಲಿ ಠಣ್ ಅಂತು. ಕೆಂಪು ಮಣ್ಣು, ಅದರ ತುಂಬಾ ಜಂಬಿಟ್ಟಿಗೆಯ (ಲ್ಯಾಟರೈಟ್ ಕಲ್ಲಿನ) ಹರಳು. ಇನ್ನೂ ಆಚೆ ಕರಗಿಹೋದ ಹಳೇ ಹುತ್ತ. ಅಲ್ಲಿನ ಮಣ್ಣು ಒದ್ದೆ ಮಾಡಿ ಹೊಸೆದರೆ ಬತ್ತಿಯ ಹಾಗೆ ಉದ್ದವಾಗುತ್ತದೆ, ಅಷ್ಟು ಜಿಗುಟು.

ಮೂರಕ್ಕೂ ಕಾರಣ ಕಣ್ಣೆದುರೇ ಇತ್ತು. ಮತ್ತಿ ತೊಗಟೆಯ ಬೂದಿಯನ್ನು ಹಿಂದೆ ಎಲೆಯಡಿಕೆಯ ಕವಳಕ್ಕೆ ಸುಣ್ಣದ ಬದಲು ಬಳಸುತ್ತಿದ್ದರು, ಅಲ್ವಾ? ಈ ಮರ ಅಷ್ಟು ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಎಲೆ, ತೊಗಟೆ ಉದುರಿದಾಗ ಅದು ಬುಡಕ್ಕೇ ಮರಳುತ್ತದೆ. ಗೆದ್ದಲು ಆಳದ ಜೇಡಿಯನ್ನು ಮೇಲೆ ತರುತ್ತದೆ. ಮಳೆ ಇಳಿಜಾರಿನ ನವಿರು ಮಣ್ಣನ್ನು ಕೊಚ್ಚಿದ ಕಡೆ ಹರಳು ಉಳಿಯುತ್ತದೆ. ಮಣ್ಣು ವಿಜ್ಞಾನಿ ಹ್ಯಾನ್ಸ್ ಜೆನ್ನಿ 1941ರಲ್ಲಿ ಮಣ್ಣು ಹುಟ್ಟುವುದಕ್ಕೆ ಹವೆ, ಜೀವಿಗಳು, ಇಳಿಜಾರು, ಮೂಲ ಕಲ್ಲು, ಕಾಲ ಎಂದು ಐದು ಕಾರಣ ಬರೆದರು. ಐದು ಹೆಜ್ಜೆಯೊಳಗೆ ಹವೆಯೂ ಕಲ್ಲೂ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ವ್ಯತ್ಯಾಸ ಮಾಡುವುದು ಮರ, ಗೆದ್ದಲು, ನೆಲದ ಏರಿಳಿತ. ಆಗುಂಬೆಯಿಂದ ಶಿವಮೊಗ್ಗಕ್ಕೆ ಹೋಗುವಾಗ ಮಾತ್ರ ಮಳೆಯ ಲೆಕ್ಕ ದೊಡ್ಡದಾಗುತ್ತದೆ.

ಈಗ ಒಂದು ಗುಂಡಿಯಿಂದ 1, 5, 25, 125 ಮೀಟರ್ ದೂರದಲ್ಲಿ ಮಾದರಿ ತೆಗೆಯುತ್ತೇನೆ. ಯಾವ ಅಂತರದಲ್ಲಿ ಮಣ್ಣು ಜಾಸ್ತಿ ಬದಲಾಗುತ್ತದೆ ಅಂತ ಇದರಿಂದ ತಿಳಿಯುತ್ತದೆ. ಪ್ರತಿ ಗುಂಡಿಗೂ ಬೇರೆ ಚೀಲ. ಚೀಟಿಯಲ್ಲಿ ಹತ್ತಿರದ ಮರ, ಅದರ ದೂರ, ಇಳಿಜಾರು, ಹುತ್ತ ಇದೆಯೋ ಇಲ್ಲವೋ ಬರೆಯುತ್ತೇನೆ. ದರಕು ಸರಿಸುವಾಗ ಜೊತೆಗೆ ಕಪ್ಪು ಪದರ ಕೆರೆದು ಹೋದರೆ ಇಂಗಾಲದ ಅಂಕಿಯೇ ಬಿದ್ದುಹೋಗುತ್ತದೆ. ನೆರಳಲ್ಲಿ ಒಣಗಿಸಿ 2 ಮಿಲಿಮೀಟರ್ ಜರಡಿ ಹಿಡಿಯಬೇಕು. ಜರಡಿಯಲ್ಲಿ ಉಳಿದ ಹರಳನ್ನು ಸುಮ್ನೆ ಎಸೆಯಬೇಡಿ, ತೂಗಿ. ಆ ತೂಕ ಕಳೆಯದಿದ್ದರೆ ಜಂಬಿಟ್ಟಿಗೆ ನೆಲದಲ್ಲಿ ಇಂಗಾಲ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಲ್ಯಾಬಿನಲ್ಲಿ ಇಂಗಾಲ ಅಳೆಯಲು ಹಾಕುವುದು ಒಂದು ಗ್ರಾಂ ಮಣ್ಣು, ಕೆಲವೊಮ್ಮೆ ಅರ್ಧ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 15ರಿಂದ 20 ಲಕ್ಷ ಕಿಲೋ. ಹಾಗಾಗಿ ಎಷ್ಟು ಗುಂಡಿ ತೋಡಿದೆವು ಎಂಬುದೇ ಮುಖ್ಯ. ಸರಾಸರಿಯ ತಪ್ಪು ಅರ್ಧಕ್ಕೆ ಇಳಿಯಬೇಕಾದರೆ ಗುಂಡಿ ನಾಲ್ಕು ಪಟ್ಟು ಬೇಕು. ಅದಕ್ಕೇ ಮೊದಲು ಸ್ವಲ್ಪ ಜಾಗದಲ್ಲಿ ತೋಡಿ, ಏರುಪೇರು ನೋಡಿ, ಆಮೇಲೆ ಸಂಖ್ಯೆ ಗೊತ್ತು ಮಾಡುತ್ತೇನೆ.

ಮತ್ತಿ ಬುಡದ ಮೂರು ಗುಂಡಿಗೂ ಗುರುತಿನ ಕಲ್ಲು ನೆಟ್ಟಿದ್ದೇನೆ. ಮುಂದಿನ ವರ್ಷದ ಮಾದರಿ ಇದೇ ತಿಂಗಳು, ಆ ಕಲ್ಲುಗಳ ಪಕ್ಕದಲ್ಲೇ.