ಹೋರಿ ಓಡಬೇಕು, ತೇಲಬಾರದು: ಕೈಚಿತ್ರದ ಅನಿಮೇಷನ್‌ಗೆ ಫ್ರೇಮ್ ಲೆಕ್ಕ

ದೀಪಾವಳಿ ಬಂತೆಂದರೆ ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಹೋರಿ ಹಬ್ಬ. ಕೊರಳಲ್ಲಿ ಕೊಬ್ಬರಿ ಸರ, ಕೋಡಿಗೆ ಬಲೂನು, ಎರಡೂ ಕಡೆ ಕೂಗುವ ಜನ. ನಡುವೆ ಹೋರಿ ನುಗ್ಗಿ ಬರುತ್ತದೆ. ಆ ಓಟವನ್ನು ಕೈಯಲ್ಲೇ ಬರೆದು ಅನಿಮೇಷನ್ ಮಾಡೋಣ ಅಂತ ಕೂತೆ. ಮೂರು ಸೆಕೆಂಡಿನ ಓಟಕ್ಕೆ 72 ಚಿತ್ರ. ನಿದ್ದೆಗೆಟ್ಟು ಬರೆದು ತೋರಿಸಿದರೆ ಅಣ್ಣನ ಮಗ ಅಂದದ್ದು ಇಷ್ಟೇ: "ಕಾಕಾ, ಹೋರಿ ಓಡವಲ್ದು. ಬಲೂನಿನಂಗ ತೇಲಾಕತ್ತೈತಿ."

ಹುಡುಗನ ಮಾತು ಸರಿ ಇತ್ತು. ಚಿತ್ರ ಜಾಸ್ತಿಯಾದಷ್ಟೂ ಚೆಂದ ಅಂತ ನಾನು ನಂಬಿದ್ದೆ. ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಅಂತ ಯೋಚಿಸಿಯೇ ಇರಲಿಲ್ಲ. ಅದನ್ನು ಸರಿ ಮಾಡಿಕೊಂಡ ಬಗೆ ಇಲ್ಲಿದೆ.

ಮೊದಲು ವೇಗ ಗೊತ್ತುಮಾಡಿ

ಕ್ರಿತಾ, ಪೆನ್ಸಿಲ್2ಡಿ, ಓಪನ್‌ಟೂನ್ಜ್, ಮೂರೂ ಅನಿಮೇಷನ್ ಮಾಡಬಹುದಾದ ಉಚಿತ ಸಾಫ್ಟ್‌ವೇರ್. ಯಾವುದಾದರೂ ನಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್ ಇಡಿ, ಸಿನಿಮಾದ ಲೆಕ್ಕ ಅದೇ. ಅಂದರೆ ಪರದೆ ಸೆಕೆಂಡಿಗೆ 24 ಸಲ ಚಿತ್ರ ತೋರಿಸುತ್ತದೆ, ಆ ಒಂದೊಂದು ಸಲವೇ ಒಂದು ಫ್ರೇಮ್. ಆದರೆ 24 ಫ್ರೇಮ್ ಅಂದರೆ 24 ಹೊಸ ಚಿತ್ರ ಅಂತಲ್ಲ. ಒಂದೊಂದು ಫ್ರೇಮಿಗೂ ಹೊಸ ಚಿತ್ರವಿದ್ದರೆ ಅದಕ್ಕೆ 'ಒನ್ಸ್' ಅನ್ನುತ್ತಾರೆ. ಒಂದೇ ಚಿತ್ರ ಎರಡು ಫ್ರೇಮ್ ನಿಂತರೆ 'ಟೂಸ್', ಸೆಕೆಂಡಿಗೆ 12 ಚಿತ್ರ ಸಾಕು. ಮೂರು ಫ್ರೇಮ್ ನಿಂತರೆ 'ಥ್ರೀಸ್', 8 ಚಿತ್ರ.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ

ಪೆನ್ಸಿಲ್ ಆಮೇಲೆ. ಮೊದಲು ಎದ್ದು ನಿಂತು ನೀವೇ ನಟಿಸಿ, ಮೊಬೈಲಿನಲ್ಲಿ ಟೈಮ್ ನೋಡಿ. ಮನೆಯವರು ನಗುತ್ತಾರೆ, ನಗಲಿ. ಮನುಷ್ಯರ ನಡಿಗೆಗೆ ಅನಿಮೇಟರ್‌ಗಳು ಬಳಸುವ ಒಂದು ಅಂದಾಜಿದೆ. ಚುರುಕಾದ ನಡಿಗೆಯಲ್ಲಿ ಹೆಜ್ಜೆಗೆ 12 ಫ್ರೇಮ್, ಅಂದರೆ ಸೆಕೆಂಡಿಗೆ ಎರಡು ಹೆಜ್ಜೆ. ಸಂಜೆ ಸುಮ್ನೆ ಅಡ್ಡಾಡುವವನಿಗೆ 16. ಕೋಲೂರಿಕೊಂಡು ಬರುವ ಅಜ್ಜನಿಗೆ 20. ಓಡುವವನಿಗೆ 6 ಸಾಕು. ಅದೇ ಕಾಲು, ಅದೇ ಚಿತ್ರ, ಬರೀ ಈ ಅಂಕಿಯಲ್ಲೇ ಮನುಷ್ಯನ ವಯಸ್ಸು ಬದಲಾಗುತ್ತದೆ.

ಚಿತ್ರಗಳ ನಡುವಿನ ಅಂತರ

ನನ್ನ ಹೋರಿ ತೇಲಿದ್ದು ಮುಖ್ಯವಾಗಿ ಇಲ್ಲಿ. 72 ಚಿತ್ರಗಳಲ್ಲೂ ಹೋರಿ ಮುಂದಕ್ಕೆ ಸರಿದ ದೂರ ಒಂದೇ. ಹಾಗಿದ್ದರೆ ಭಾರ ಕಾಣುವುದಿಲ್ಲ. ಒಂದು ಚೆಂಡನ್ನು ನೆಲಕ್ಕೆ ಹಾಕಿ ನೋಡಿ. ಮೇಲೆ ಹೋದಾಗ ತಡೆದು ನಿಂತಂತೆ ಇರುತ್ತದೆ, ನೆಲ ಹತ್ತಿರವಾದಂತೆ ವೇಗ ಏರುತ್ತದೆ. ಹಾಗಾಗಿ ಮೇಲಿನ ತುದಿಯಲ್ಲಿ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ದೂರ ದೂರ ಇರಬೇಕು. ಹೋರಿಯ ನೆಗೆತಕ್ಕೂ ಇದೇ ಲೆಕ್ಕ. ಒಂದು ಕಾಗದದ ಅಂಚಿನಲ್ಲಿ ಉದ್ದ ಗೆರೆ ಎಳೆದು, ಪ್ರತಿ ಚಿತ್ರದಲ್ಲಿ ಬೆನ್ನಿನ ಉಬ್ಬು ಎಲ್ಲಿರಬೇಕು ಅಂತ ಚುಕ್ಕೆ ಹಾಕಿಕೊಳ್ಳಿ. ಬರೆಯುವ ಮೊದಲೇ ಆ ಚುಕ್ಕೆಗಳು ಓಟ ಹೇಗಿರುತ್ತದೆ ಅಂತ ಹೇಳಿಬಿಡುತ್ತವೆ.

ಒನ್ಸೋ, ಟೂಸೋ?

ನನ್ನ ಸಲಹೆ: ಎಲ್ಲವನ್ನೂ ಟೂಸ್‌ನಲ್ಲಿ ಶುರು ಮಾಡಿ. ದುಡಿಮೆ ಅರ್ಧ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಟೂಸ್‌ನಲ್ಲಿ ಪ್ರತಿ ಚಿತ್ರ ಕಣ್ಣಿಗೆ ನಾಟುವಷ್ಟು ಹೊತ್ತು ನಿಲ್ಲುತ್ತದೆ, ಕೈಚಿತ್ರದ ಖಡಕ್‌ತನ ಉಳಿಯುತ್ತದೆ. ಒನ್ಸ್ ನುಣ್ಣಗಿರುತ್ತದೆ. ನುಣುಪು ಜಾಸ್ತಿಯಾದರೆ ಪೆಟ್ಟು ಮೆತ್ತಗಾಗುತ್ತದೆ.

ಆದರೆ ಟೂಸ್ ಸೋಲುವ ಜಾಗವೂ ಉಂಟು. ಹೋರಿ ಪರದೆಯ ಈ ತುದಿಯಿಂದ ಆ ತುದಿಗೆ ಅರ್ಧ ಸೆಕೆಂಡಿನಲ್ಲಿ ದಾಟಿದರೆ ಟೂಸ್‌ನಲ್ಲಿ ಆರೇ ಚಿತ್ರ. ನಡುವಿನ ಅಂತರ ದೊಡ್ಡದಾಗಿ ಕಣ್ಣಿಗೆ ಒಂದು ಹೋರಿ ಬದಲು ಆರು ಹೋರಿ ಕಾಣುತ್ತವೆ. ಅಲ್ಲಿ ಒನ್ಸ್‌ಗೆ ಹೋಗಿ. ಇಲ್ಲವೇ ಒಂದು ಚಿತ್ರದಲ್ಲಿ ಹೋರಿಯ ಮೈಯನ್ನೇ ಉದ್ದಕ್ಕೆ ಎಳೆದು ಬರೆಯಿರಿ. ನಿಲ್ಲಿಸಿ ನೋಡಿದರೆ ವಿಕಾರ, ಓಡಿಸಿದರೆ ವೇಗ. ಇನ್ನೊಂದು ಜಾಗ, ಹೋರಿಯ ಜೊತೆ ಕ್ಯಾಮೆರಾ ಹೋಗುವಾಗ. ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತದೆ, ಟೂಸ್‌ನ ಹೋರಿ ಎರಡು ಫ್ರೇಮಿಗೊಮ್ಮೆ ಬದಲಾಗುತ್ತದೆ. ಹೊಂದಾಣಿಕೆ ತಪ್ಪಿ ಕಾಲು ನೆಲದ ಮೇಲೆ ಜಾರುತ್ತದೆ, ಮೈ ನಡುಗುತ್ತದೆ. ಅಲ್ಲಿಯೂ ಒನ್ಸ್ ಬೇಕು.

ಥ್ರೀಸ್ ಅಂದರೆ ಮೂಗು ಮುರಿಯಬೇಡಿ. 1963ರಲ್ಲಿ ಜಪಾನಿನ ಟಿವಿಗೆ ಬಂದ ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ವಾರಕ್ಕೊಂದು ಕಂತು ಮುಗಿಸಬೇಕಿತ್ತು. ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಥ್ರೀಸ್ ಮತ್ತು ಅಲುಗದೆ ನಿಲ್ಲುವ ಚಿತ್ರಗಳಲ್ಲೇ ಕಥೆ ಓಡಿಸಿದರು. ನನ್ನ ಚಿತ್ರದಲ್ಲಿ ಹಿಂದೆ ನಿಂತು ಟವೆಲ್ ಬೀಸುವ ಜನ ಈಗ ಥ್ರೀಸ್‌ನಲ್ಲೇ ಇದ್ದಾರೆ. ಅವರು ಒರಟಾಗಿ ಅಲುಗಿದಷ್ಟೂ ಮುಂದಿನ ಹೋರಿ ಜೀವಂತ ಕಾಣುತ್ತದೆ.

ಒಂದು ಪರೀಕ್ಷೆ

ಒನ್ಸ್‌ನಲ್ಲಿ ಬರೆದ ಫೈಲನ್ನು ಕಾಪಿ ಮಾಡಿ. ಒಂದು ಬಿಟ್ಟು ಒಂದು ಚಿತ್ರ ಅಳಿಸಿ, ಉಳಿದದ್ದನ್ನು ಎರಡೆರಡು ಫ್ರೇಮ್ ನಿಲ್ಲಿಸಿ. ಅವಧಿ ಅಷ್ಟೇ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಓಡಿಸಿ ನೋಡಿ. ನನ್ನ 72 ಚಿತ್ರಗಳಲ್ಲಿ 36 ಹೀಗೇ ಹೋದವು. ಹೊಟ್ಟೆ ಉರಿಯಿತು ಅನ್ನುವುದು ಬೇರೆ ಮಾತು.

ನಿಲ್ಲಿಸುವುದು

ನುಗ್ಗುವ ಮೊದಲು ಹೋರಿ ತಲೆ ತಗ್ಗಿಸಿ ನಿಲ್ಲುತ್ತದೆ, ಅಲ್ವಾ? ಆ ಭಂಗಿಗೆ 16 ಫ್ರೇಮ್ ಕೊಟ್ಟೆ. ಒಂದೇ ಚಿತ್ರ ಅಷ್ಟು ಹೊತ್ತು ನಿಂತರೆ ಫೋಟೋ ಆಗುತ್ತದೆ. ಅದಕ್ಕೆ ಅದೇ ಚಿತ್ರವನ್ನು ಮೂರು ಸಲ ತಿದ್ದಿ ಬರೆದು ಸರದಿಯಲ್ಲಿ ಓಡಿಸಿದೆ. ಕೈ ಎಷ್ಟೇ ಗಟ್ಟಿಯಿದ್ದರೂ ಗೆರೆ ಕೂದಲೆಳೆಯಷ್ಟು ಅಲ್ಲಾಡುತ್ತದೆ, ಹೋರಿ ಉಸಿರಾಡುತ್ತದೆ. ಆಮೇಲಿನ ನೆಗೆತಕ್ಕೆ ಬರೀ ನಾಲ್ಕು ಫ್ರೇಮ್.

ಕೊನೆಗೆ ಕೋಡಿನ ಬಲೂನು ಒಡೆಯುವುದನ್ನೂ ಸೇರಿಸಿದೆ. ಅದಕ್ಕೆ ಎರಡೇ ಚಿತ್ರ, ಎರಡೂ ಒನ್ಸ್. ಅಣ್ಣನ ಮಗ ಈಗ ಅದೊಂದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಾನೆ.